ಗೋಡೆಯ ಮೇಲಿನ ಕನ್ನಡ

ದೂಧಸಾಗರದ ಘಟ್ಟವಿಳಿದ ರೈಲು ವಾಸ್ಕೋ ತಲುಪಿದಾಗ ಬೆಳಗಾಗಿತ್ತು. ಬಾಯ್ನಾ ಕಡಲತೀರದತ್ತ ನಡೆಯುತ್ತಿದ್ದೆ. ಓಣಿಯೊಂದರ ಗೋಡೆಯ ಮೇಲೆ ಕನ್ನಡ ಅಕ್ಷರಗಳು ಕಂಡವು. ಪರನಾಡಿನಲ್ಲಿ ತಾಯ್ನುಡಿಯ ಲಿಪಿ ಕಂಡರೆ ಹೆಜ್ಜೆ ತಾನಾಗಿ ನಿಲ್ಲುತ್ತದೆ. ಹತ್ತಿರ ಹೋಗಿ ಓದಿದೆ: ‘ಇಲ್ಲಿ ಮೂತ್ರ ಮಾಡಬಾರದು. ಮಾಡಿದವರಿಗೆ ದಂಡ.’ ಕೆಳಗೆ ಗಣಪತಿ, ಶಿಲುಬೆ, ಮೆಕ್ಕಾಗಳ ಚಿತ್ರವುಳ್ಳ ಮೂರು ಬಿಲ್ಲೆಗಳು. ಕಾನೂನಿಗೆ ಅಂಜದವನು ದೇವರಿಗಾದರೂ ಅಂಜಲಿ ಎಂಬ ಉಪಾಯ. ಆ ಬೆಳಗ್ಗೆ ನಾನು ಕಂಡ ಸ್ವಾಗತದ ಫಲಕಗಳೆಲ್ಲ ಬೇರೆ ನುಡಿಗಳಲ್ಲಿದ್ದವು. ಗದರುವ ಫಲಕ ಮಾತ್ರ ನಮ್ಮ ನುಡಿಯಲ್ಲಿತ್ತು.

1961ರಲ್ಲಿ ಗೋವಾ ವಿಮೋಚನೆಯಾದ ಬಳಿಕ ಉತ್ತರ ಕರ್ನಾಟಕದ ಬರಪೀಡಿತ ಊರುಗಳಿಂದ ಸಾವಿರಾರು ಜನ ಇಲ್ಲಿಗೆ ಬಂದರು. ಬಂದರಿನಲ್ಲಿ ಹೊರೆ ಹೊತ್ತರು, ರಸ್ತೆ ಹಾಕಿದರು, ಕಟ್ಟಡ ಕಟ್ಟಿದರು. ಇಂದಿಗೂ ನಸುಕಿನಲ್ಲಿ ಕೂಲಿಗಾಗಿ ನಾಕೆಯಲ್ಲಿ ಕಾದು ನಿಲ್ಲುವವರಲ್ಲಿ ಅವರ ಮಕ್ಕಳು, ಮೊಮ್ಮಕ್ಕಳಿದ್ದಾರೆ.

ಸಾರ್ವಜನಿಕ ಉಪದ್ರವಕ್ಕೆ ಹಳೆಯ ದಂಡಸಂಹಿತೆಯ 290ನೆಯ ಕಲಮು 200 ರೂಪಾಯಿವರೆಗೆ ದಂಡ ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 292ನೆಯ ಕಲಮು ಅದನ್ನು 1000ಕ್ಕೆ ಏರಿಸಿತು. ತಪ್ಪಲ್ಲ, ಆ ಗೋಡೆಯ ಹಿಂದೆಯೂ ಒಂದು ಸಂಸಾರವಿದೆ. ಆದರೆ ಕಾನೂನಿಗೆ ಇನ್ನೊಂದು ಮುಖವೂ ಇದೆ. ಮಧ್ಯಪ್ರದೇಶದ ರತ್ಲಾಮ್ ನಗರಸಭೆ ತನ್ನಲ್ಲಿ ಹಣವಿಲ್ಲವೆಂದು ಶೌಚಾಲಯ ಕಟ್ಟಿಸದೆ ಕೈಚೆಲ್ಲಿದಾಗ, 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ನೆಪವನ್ನು ಒಪ್ಪಲಿಲ್ಲ. ಬಡವರು ಬಯಲಿಗೆ ಹೋಗುವುದು ಅವರ ಚಟದಿಂದಲ್ಲ, ನಗರದ ಲೋಪದಿಂದ ಎಂಬುದು ಆ ತೀರ್ಪಿನ ತಿರುಳು.

ನನಗೂ ಆಗ ಅವಸರವಿತ್ತು. ಇಸ್ತ್ರಿಯ ಅಂಗಿ ಕಂಡ ಹೋಟೆಲಿನವನೊಬ್ಬ ಮರುಮಾತಿಲ್ಲದೆ ಒಳಗಿನ ಬಾಗಿಲು ತೋರಿಸಿದ. ಹೊರಬಂದು ನಾಕೆಯಲ್ಲಿ ಬುತ್ತಿಗಂಟು ಹಿಡಿದು ನಿಂತಿದ್ದ ಬಾಗಲಕೋಟೆ ಕಡೆಯ ತಾಯಿಯೊಬ್ಬರನ್ನು ಮಾತಾಡಿಸಿದೆ. ‘ಗಂಡಸರಿಗೆ ಗ್ವಾಡಿ ಐತಿ, ದಂಡ ಐತಿ. ನಮಗ ಎರಡೂ ಇಲ್ರಿ. ಸಂಜೀತನಕ ನೀರ ಕುಡಿಯೂದಿಲ್ಲ,’ ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ, ದಿನಚರಿಯನ್ನು ಹೇಳಿದಂತಿತ್ತು.

ತಪ್ಪು ಮಾಡಿದವನಿಗೆ ದಂಡ ಬರೆದ ಊರು, ತಪ್ಪು ಮಾಡಲೂ ಆಗದೆ ಬಾಯಾರಿ ದುಡಿಯುವವಳ ಲೆಕ್ಕವನ್ನು ಎಲ್ಲಿ ಬರೆದಿದೆ?

ಮರಳುವಾಗ ಮತ್ತೆ ಆ ಗೋಡೆಯ ಮುಂದೆ ನಿಂತೆ. ಅಕ್ಷರ ದುಂಡಾಗಿದ್ದವು, ಕಾಗುಣಿತ ತಪ್ಪಿರಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬೇಕಿತ್ತು: ‘ಶೌಚಾಲಯ ಇತ್ತ ಕಡೆ’ ಎಂಬ ಎರಡು ಮೂರು ಪದ, ಒಂದು ಬಾಣದ ಗುರುತು.