ಹಾಲೆಮರದ ಎರಡು ಕಥೆಗಳು

ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಬೇರ್ಪಟ್ಟು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡು ಸೀಮೆಯಲ್ಲಿ, ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸು-ಕಚೇರಿಗಳಲ್ಲಿ ಮಲಯಾಳ ಎಂಬ ವ್ಯವಹಾರ ಅನೇಕ ಕುಟುಂಬಗಳಿಗೆ ಸಹಜವಾಗಿರುವುದರಿಂದ, ದೆವ್ವದ ಕಥೆಗಳೂ ಒಂದೇ ಜಗಲಿಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬೆಳೆದಿವೆ. ಸಂಸ್ಕೃತ ಗ್ರಂಥಗಳಲ್ಲಿ ಸಪ್ತಪರ್ಣವೆನಿಸಿದ ಹಾಲೆಮರವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮಲಯಾಳದ ಕಥೆಗಳಲ್ಲಿ ಈ ಮರ, ತಾಳೆಯಂತೆಯೇ, ಯಕ್ಷಿಯ ವಾಸಸ್ಥಾನ. ಜೈನ ಬಸದಿಗಳಲ್ಲಿ ಪೂಜೆಗೊಳ್ಳುವ ಯಕ್ಷಿಗೂ ಇವಳಿಗೂ ಹೆಸರೊಂದೇ ಸಮಾನ. ಇವಳು ಬಿಳಿಯುಟ್ಟು, ಕೂದಲು ಬಿಚ್ಚಿಕೊಂಡು, ರಾತ್ರಿಯ ದಾರಿಹೋಕನಲ್ಲಿ ವೀಳ್ಯಕ್ಕೆ ಸುಣ್ಣ ಕೇಳಿ, ಮರುಳುಗೊಳಿಸಿ ರಕ್ತ ಹೀರುವ ಹೆಣ್ಣು ಪಿಶಾಚಿ. ಹಾಲೆ ಹೂಬಿಟ್ಟಾಗ ರಾತ್ರಿಯ ಹೊತ್ತು ತಲೆ ಸುತ್ತುವಷ್ಟು ಘಾಟಾದ ಪರಿಮಳ ದೂರದವರೆಗೆ ಹರಡುವುದರಿಂದ ಈ ಕಲ್ಪನೆ ಹುಟ್ಟಿರಬೇಕೆಂಬ ಊಹೆ ಅಸಂಗತವಲ್ಲ. ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲ' ಯಕ್ಷಿಯ ಕಥೆಗಳನ್ನು ಗ್ರಂಥಸ್ಥಗೊಳಿಸಿತು. ಇಂದಿನ ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದ ಶಿಲ್ಪಿ ಕಾನಾಯಿ ಕುಞ್ಞಿರಾಮನ್ 1969ರಲ್ಲಿ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಅವಳನ್ನು ಹಗಲು ಬೆಳಕಿನಲ್ಲೇ ಕೂರಿಸಿದರು. ಮಾಂತ್ರಿಕನು ಕಬ್ಬಿಣದ ಮೊಳೆ ಹೊಡೆದು ಅವಳನ್ನು ಕಾಸರಕದಂಥ ಮರಕ್ಕೆ ಬಂಧಿಸುವಲ್ಲಿಗೆ ಇಂಥ ಎಷ್ಟೋ ಕಥೆಗಳು ಮುಗಿಯುತ್ತವೆ.

ತುಳುನಾಡಿನಲ್ಲಿ ಅದೇ ಹಾಲೆ ಮದ್ದಿನ ಮರ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಸೌರಮಾಸವಾದ ಆಟಿಯ ಅಮಾವಾಸ್ಯೆಯಂದು, ಇನ್ನೂ ಬೆಳಕು ಹರಿಯುವ ಮುನ್ನ ಮನೆಯವನೊಬ್ಬ ಅದರ ಬುಡಕ್ಕೆ ಹೋಗಿ, ಕತ್ತಿಯ ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾನೆ. ಅದನ್ನು ಅರೆದು ಹಿಂಡಿದ ಕಹಿರಸಕ್ಕೆ ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದ್ದಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿದು, ಮೈ ತಂಪಾಗಲೆಂದು ಮೆಂತೆಗಂಜಿ ಉಣ್ಣುತ್ತಾರೆ. ಇದರಿಂದ ತುಳುವರಿಗೆ ಪ್ರೇತಭಯವಿಲ್ಲವೆಂದು ತಿಳಿಯಬೇಕಾಗಿಲ್ಲ. ಆದರೆ ಅವರ ಕುಲೆ, ಅಂದರೆ ಸತ್ತವರ ಆತ್ಮ, ಕುಟುಂಬದೊಳಗಿನದು, ಮದುವೆಯಾಗದೆ ತೀರಿಕೊಂಡ ಮಕ್ಕಳ ಕುಲೆಗಳಿಗೆ ಎಷ್ಟೋ ವರ್ಷಗಳ ಮೇಲೆ ಜಾತಿ ಮತ್ತು ಬರಿ (ಕುಲದ ಒಳಪಂಗಡ) ನೋಡಿ ಮದುವೆ ಮಾಡಿಸುವುದೂ ಉಂಟು. ಯಕ್ಷಿಗಾದರೋ ನೆಂಟರೇ ಇಲ್ಲ. ಗಡಿನಾಡಿನ ಮಗು ಹಾಲೆಗೆ ಹೆದರುತ್ತಲೂ ಅದರ ಕಷಾಯ ಕುಡಿಯುತ್ತಲೂ ಬೆಳೆಯುವುದರಲ್ಲಿ ಯಾರಿಗೂ ವಿರೋಧಾಭಾಸ ಕಂಡಿಲ್ಲ.

ಆಟಿಯ ಆ ಕತ್ತಲಲ್ಲಿ ನಿಜವಾಗಿ ಪ್ರಾಣ ತೆಗೆಯಬಲ್ಲದ್ದು ಯಕ್ಷಿಯನ್ನು ಬಂಧಿಸುವ ಕಾಸರಕವೇ. ಅದರ ತೊಗಟೆಯಲ್ಲೂ ಬೀಜದಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿದ್ದು, ಹಾಲೆಯೆಂದು ಭ್ರಮಿಸಿ ಅದನ್ನು ಜಜ್ಜಿ ತಂದು ಕುಡಿದರೆ ಸ್ನಾಯುಗಳು ಸೆಟೆದು ಸಾವು ಬರಬಹುದು. ಮುನ್ನಾದಿನ ಹಗಲಿನಲ್ಲೇ ಹಾಲೆಮರಕ್ಕೆ ಗುರುತು ಕಟ್ಟಿ ಬರುವ ರೂಢಿಯನ್ನು ಮೂಢನಂಬಿಕೆಯ ಲೆಕ್ಕಕ್ಕೆ ಸೇರಿಸಿ ಕೈಬಿಡಬಾರದು. ಮರದ ಪರಿಚಯವಿಲ್ಲದವರು ತೊಗಟೆಗೆ ಕೈ ಹಾಕಲೂಬಾರದು.