ಹರಿದರೂ ಕೂಡಿಕೊಳ್ಳುವ ರಬ್ಬರ್

ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವವನು ತೂತಿನ ಸುತ್ತ ಉಜ್ಜುತ್ತಾನೆ, ಸೊಲ್ಯೂಷನ್ ಸವರುತ್ತಾನೆ, ಒಣಗಿದ ಮೇಲೆ ತೇಪೆ ಅಂಟಿಸುತ್ತಾನೆ. ಹರಿದ ಅಂಚುಗಳನ್ನು ಸುಮ್ಮನೆ ಒತ್ತಿ ಹಿಡಿದರೆ ಸಾಲದೇ ಎಂದು ಮಕ್ಕಳು ಕೇಳುವುದುಂಟು. ಸಾಲದು. ಅದಕ್ಕೆ ಕಾರಣ 1839ರಷ್ಟು ಹಳೆಯದು.

ಆ ವರ್ಷ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ. ಬಿಸಿಲಿಗೆ ಅಂಟಾಗಿ, ಚಳಿಗೆ ಬಿರುಸಾಗುತ್ತಿದ್ದ ರಬ್ಬರ್ ಗಟ್ಟಿಮುಟ್ಟಾಯಿತು. ನೂಲಿನಂತಹ ಉದ್ದನೆಯ ಅಣುಸರಪಳಿಗಳನ್ನು ಗಂಧಕ ಹೊಲಿದುಬಿಟ್ಟಿತ್ತು. ಹೊಲಿಗೆ ಬಲವಾದದ್ದೇ, ಆದರೆ ಒಮ್ಮೆ ಕಿತ್ತರೆ ತಾನಾಗಿ ಮತ್ತೆ ಬೀಳದು. (ಪಾಪ, ಗುಡ್‌ಇಯರ್ 1860ರಲ್ಲಿ ತೀರಿಕೊಂಡಾಗ ಉಳಿಸಿಹೋದದ್ದು ಸಾಲ. ಅವನ ಹೆಸರಿನ ಟೈರ್ ಕಂಪೆನಿ ಹುಟ್ಟಿದ್ದು 1898ರಲ್ಲಿ!)

2008ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಈ ಹೊಲಿಗೆಯನ್ನೇ ಕೈಬಿಟ್ಟರು. ಸಸ್ಯಜನ್ಯ ಎಣ್ಣೆಯ ಆಮ್ಲಗಳು, ಯೂರಿಯಾ ಮೊದಲಾದವುಗಳಿಂದ ಅವರು ಮಾಡಿದ ರಬ್ಬರಿನಲ್ಲಿ ಸಣ್ಣ ಅಣುಗಳು ಹೈಡ್ರೋಜನ್ ಬಂಧದಿಂದ ಪರಸ್ಪರ ಕೈಹಿಡಿದಿದ್ದವು. ಕತ್ತರಿಸಿ, ಮುಖಕ್ಕೆ ಮುಖ ಒತ್ತಿದರೆ ಸಾಕು, ಬಿಸಿ ಮಾಡದೆಯೇ ಕೂಡಿಕೊಂಡಿತು. ಎಳೆದರೆ ಮತ್ತೆ ಹಿಗ್ಗಿತು. ಆದರೆ ತುಂಡುಗಳನ್ನು ಬಹಳ ಹೊತ್ತು ಬೇರೆಯಾಗಿಟ್ಟರೆ ಬಿಡುವಾದ ಕೈಗಳು ತಮ್ಮ ತಮ್ಮ ಕಡೆಯಲ್ಲೇ ಜೊತೆ ಹುಡುಕಿಕೊಳ್ಳುತ್ತವೆ. ಆಮೇಲೆ ಸೇರಿಸಹೋದರೆ ಬೆಸುಗೆ ಸಡಿಲ.

ತೊಡಕು ಇರುವುದೇ ಇಲ್ಲಿ. ಬಲವಾದ ಬಂಧ ಮುರಿದರೆ ಮರಳದು. ಮರಳುವ ಬಂಧಕ್ಕೆ ಬಲ ಸಾಲದು. ಎರಡೂ ಬೇಕೆಂದರೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝೆನಾನ್ ಬಾವೊ ಅವರ ತಂಡ 2016ರಲ್ಲಿ ಕೊಟ್ಟ ಉತ್ತರ ಜಾಣತನದ್ದು. ಸಿಲಿಕೋನ್ ಸರಪಳಿಗಳ ನಡುವೆ ಅವರು ಕಬ್ಬಿಣದ ಅಯಾನುಗಳನ್ನು ಕೂರಿಸಿದರು. ಪ್ರತಿಯೊಂದು ಅಯಾನನ್ನೂ ಗಟ್ಟಿ ಬಂಧಗಳು, ಸಡಿಲ ಬಂಧಗಳು ಎರಡೂ ಹಿಡಿದಿವೆ. ಎಳೆದಾಗ ಸಡಿಲವಾದವು ಬಿಡುತ್ತವೆ, ಗಟ್ಟಿಯಾದವು ಕಬ್ಬಿಣವನ್ನು ದೂರ ಹೋಗಗೊಡುವುದಿಲ್ಲ. ಎಳೆತ ನಿಂತೊಡನೆ ಬಿಟ್ಟ ಕೈಗೆ ಹಿಡಿಯಲು ಕಬ್ಬಿಣ ಪಕ್ಕದಲ್ಲೇ ಇರುತ್ತದೆ. ಒಂದು ಅಂಗುಲದ ಹಾಳೆ ನೂರು ಅಂಗುಲದವರೆಗೆ ಹಿಗ್ಗಿತು! ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಗಾಯ ಮಾಯಿತು. ವಿದ್ಯುತ್ ಕ್ಷೇತ್ರ ಒಡ್ಡಿದರೆ ಮಾಂಸಖಂಡದಂತೆ ಹಿಗ್ಗಿ ಕುಗ್ಗಿತು.

ಇದೇ ಪ್ರಯೋಗಾಲಯ 2012ರಲ್ಲಿ, ಹೈಡ್ರೋಜನ್ ಬಂಧದ ಇಂಥದೇ ವಸ್ತುವಿಗೆ ನಿಕಲ್ ಕಣಗಳನ್ನು ಬೆರೆಸಿ ಒತ್ತಡ ಗುರುತಿಸುವ ಚರ್ಮವೊಂದನ್ನು ಮಾಡಿತ್ತು. ಕತ್ತರಿಸಿ ಜೋಡಿಸಿದ 15 ಸೆಕೆಂಡುಗಳಲ್ಲಿ ಅದರ ವಿದ್ಯುತ್ ವಾಹಕತೆ ಸುಮಾರು ಶೇಕಡ 90ರಷ್ಟು ಮರಳಿತು. ಕೃತಕ ಕೈ ತೊಟ್ಟವರಿಗೆ ಇದು ಸಣ್ಣ ಮಾತಲ್ಲ: ದಿನವೂ ಮೇಜಿಗೆ, ಬಾಗಿಲಿಗೆ ತಾಗಿ ಗೀರು ಬೀಳುವ ಹೊದಿಕೆ ಪ್ರತಿಸಲವೂ ಸ್ಪರ್ಶ ಕಳೆದುಕೊಂಡರೆ ಅದನ್ನು ಎಷ್ಟು ಸಲ ಬದಲಾಯಿಸಿಯಾರು?