ಹೊಳೆಮನೆಯ ಹತ್ತೊಂಬತ್ತು ಮೆಟ್ಟಿಲು

ತುಂಗಾ ಶೃಂಗೇರಿ, ಹರಿಹರಪುರ ದಾಟಿ ತೀರ್ಥಹಳ್ಳಿ ಕಡೆ ಬರುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಇಳಿದರೆ ನಮ್ಮ ಹೊಳೆಮನೆ ಸಿಗುತ್ತೆ. ಹೆಸರು ಕೇಳಿ ರೆಸಾರ್ಟ್ ಅಂದ್ಕೋಬೇಡಿ. ಎರಡು ಕೋಣೆ, ಒಂದು ಜಗಲಿ, ಮೇಲೆ ಹಂಚು, ಅಷ್ಟೇ. ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟ ಕಾಯೋಕೆ ಅಂತ ಅಜ್ಜ ಕಟ್ಟಿಸಿದ್ದು. ಪಾಲಾದಾಗ ದೊಡ್ಡ ಮನೆ ದೊಡ್ಡಪ್ಪನಿಗೆ ಹೋಯ್ತು, ಇದು ಮತ್ತು ಇಪ್ಪತ್ತು ಗುಂಟೆ ತೋಟ ಅಪ್ಪನಿಗೆ ಬಂತು. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ಅಪ್ಪ ವರ್ಷಕ್ಕೊಮ್ಮೆ ಹೋಗಿ ಬೀಗ ತೆಗೆದು, ಬೈದು, ಮತ್ತೆ ಬೀಗ ಹಾಕಿ ಬರ್ತಿದ್ರು.

2021ರಲ್ಲಿ ಆಫೀಸೆಲ್ಲ ಮನೆಯಿಂದಲೇ ನಡೀತಿದ್ದಾಗ ನನಗೆ ಇದರ ಹುಚ್ಚು ಹಿಡೀತು. ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ನಾನೊಂದು ಕೋಣೆ, ಹೆಂಡತಿಯೊಂದು ಕೋಣೆ, ನಡುವಿನ ಹಾಲ್‌ನಲ್ಲಿ ಒಂದು ವರ್ಷದ ಮಗಳು ಪುಟ್ಟಿ. ಅವಳು ಮೊದಲು ಕಲಿತ ಪದಗಳಲ್ಲಿ ‘ಮ್ಯೂಟ್’ ಕೂಡ ಒಂದು. ಹೊಳೆ ಪಕ್ಕ ಒಂದು ಮನೆ ಇರೋವಾಗ ನಾವ್ಯಾಕೆ ಹೀಗಿದ್ದೀವಿ ಅಂತ ಕೇಳಿದೆ. ಹೆಂಡತಿ ವೃತ್ತಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅವಳು ಕೇಳಿದ ಮೊದಲ ಪ್ರಶ್ನೆ, “ಹೊಳೆ ಎಷ್ಟು ದೂರ?”

“ಹತ್ತೊಂಬತ್ತು ಮೆಟ್ಟಿಲು” ಅಂದೆ, ಹೆಮ್ಮೆಯಿಂದ. ಅವಳಿಗೆ ಅದು ಹೆಮ್ಮೆಯ ವಿಷಯ ಅನ್ನಿಸಲಿಲ್ಲ.

ಕಾಗದಪತ್ರದ ಕಥೆ ಉದ್ದ ಮಾಡಲ್ಲ. ತೋಟದ ಪಹಣಿ ಸರಿ ಇತ್ತು, ಮನೆಗೆ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಫಾರಂ 9, ಫಾರಂ 11 ಇರಲಿಲ್ಲ. ನಿಮ್ಮದೂ ಊರಲ್ಲಿ ಹಳೇ ಮನೆ ಇದ್ದರೆ ಪೇಂಟ್ ಬಣ್ಣ ಆರಿಸೋಕೆ ಮುಂಚೆ ಇದನ್ನ ನೋಡಿಕೊಳ್ಳಿ. ನಮಗೆ ನಾಲ್ಕು ತಿಂಗಳು ಹಿಡೀತು.

ಡಿಸೆಂಬರ್‌ನಲ್ಲಿ ಕೆಲಸ ಶುರು. ಮಾಡನ್ನು ಬಿಚ್ಚಿದಾಗ ಅರ್ಧಕ್ಕರ್ಧ ಪಕಾಸು ವರಲೆ ತಿಂದಿತ್ತು, ಕೈಯಲ್ಲಿ ಹಿಡಿದರೆ ಬಿಸ್ಕತ್ತಿನ ಹಾಗೆ ಪುಡಿ. ಆದರೆ ಹಂಚು ಮಾತ್ರ ಗಟ್ಟಿ. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟದ ಮೇಲಿನ ನಮ್ಮ ಊರುಗಳ ಮಾಡುಗಳೂ ನಿಧಾನಕ್ಕೆ ಸೋಗೆ, ಹುಲ್ಲಿನಿಂದ ಹಂಚಿಗೆ ಬದಲಾದವು. ನಮ್ಮದು ಅಷ್ಟು ಹಳೇದೇನಲ್ಲ, ಆದರೂ ಪ್ರತಿ ಹಂಚಿನ ಹಿಂದೆ ಕಾರ್ಖಾನೆಯ ಹೆಸರು ಅಚ್ಚಾಗಿತ್ತು. ಒಂದೊಂದನ್ನೇ ಇಳಿಸಿ, ಪಾಚಿ ಉಜ್ಜಿ ತೊಳೆದು, ಬೆರಳಲ್ಲಿ ಬಡಿದು ನೋಡಬೇಕು. ಠಣ್ ಅಂದ್ರೆ ಇಟ್ಕೊಳ್ಳೋದು, ಠಪ್ ಅಂದ್ರೆ ಒಡೆದಿದೆ ಅಂತ. ಪುಟ್ಟಿಗೆ ಇದು ದೊಡ್ಡ ಆಟ. ಒಳ್ಳೇ ಹಂಚನ್ನೂ ‘ಠಪ್’ ಅಂತ ತೀರ್ಪು ಕೊಟ್ಟು ಪಕ್ಕಕ್ಕಿಡಿಸ್ತಿದ್ಲು.

ಹೊಸ ಪಕಾಸಿಗೆ ಗೇರು ಸಿಪ್ಪೆಯ ಎಣ್ಣೆ ಬಳಿಯೋದು ಅಲ್ಲಿನ ಪದ್ಧತಿ. ವರಲೆ ಹತ್ತಿರ ಸುಳಿಯಲ್ಲ. ಯೂಟ್ಯೂಬ್ ನೋಡಿ ನಾನೇ ಬಳೀತೀನಿ ಅಂತ ಗ್ಲೌಸ್ ಇಲ್ಲದೆ ಹೊರಟೆ. ಮುಂಗೈ ಸುಟ್ಟು ಬೊಬ್ಬೆ ಬಂದು ಎರಡು ವಾರ ಕೀಬೋರ್ಡ್ ಮುಟ್ಟೋಕಾಗಲಿಲ್ಲ. ಮಕ್ಕಳಿರುವ ಮನೆಯಲ್ಲಿ ಆ ಡಬ್ಬಿ ಎಲ್ಲಿದೆ ಅಂತ ದೊಡ್ಡವರಿಗೆ ಸದಾ ಗೊತ್ತಿರಬೇಕು. ನಮ್ಮ ಡಬ್ಬಿಯನ್ನ ಹೆಂಡತಿ ಆವತ್ತೇ ಅಟ್ಟಕ್ಕೆ ಹಾಕಿಸಿದಳು.

ನನ್ನ ಎರಡು ದೊಡ್ಡ ತಪ್ಪುಗಳ ವಿಷಯಕ್ಕೆ ಬರ್ತೀನಿ.

ಮನೆಯ ಹೊಳೆ ಬದಿಯ ಗೋಡೆ ಪೂರ್ತಿ ಕುರುಡು. ಒಂದು ಕಿಟಕಿ ಇಲ್ಲ, ಬಾಗಿಲಿಲ್ಲ. ಜಗಲಿ, ಬಾಗಿಲು ಎಲ್ಲ ತೋಟದ ಕಡೆಗೆ. ಇಷ್ಟು ಚೆಂದದ ಹೊಳೆಗೆ ಬೆನ್ನು ಹಾಕಿ ಕೂತಿದೆಯಲ್ಲ ಅಂತ ನನಗೆ ಸಿಟ್ಟು. ಆ ಗೋಡೆ ಒಡೆದು ಆರಡಿ ಅಗಲದ ಗಾಜಿನ ಕಿಟಕಿ ಇಡಬೇಕು, ಅದರೆದುರು ನನ್ನ ಮೇಜು, ಇದು ನನ್ನ ಪ್ಲಾನ್. ಮೇಸ್ತ್ರಿ ಒಂದೇ ಮಾತು ಹೇಳಿದ್ರು, “ಎಂತ ಮಾರಾಯ್ರೆ, ಅಜ್ಜಯ್ಯ ಅಷ್ಟು ವರ್ಷ ಇಲ್ಲೇ ಮಲಗಿದ್ರು. ಕಿಟಕಿ ಇಡೋದು ಅವ್ರಿಗೆ ಗೊತ್ತಿರ್ಲಿಲ್ವ?” ನಾನು ಕೇಳಲಿಲ್ಲ.

ಎರಡನೇದು, ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದು. ಪಕ್ಕಾ ಇರಲಿ ಅಂತ.

2022ರ ಜುಲೈ, ಪುನರ್ವಸು ಮಳೆ. ಮಲೆನಾಡಿನ ಮಳೆ ಅಂದ್ರೆ ಏನು ಅಂತ ಬೆಂಗಳೂರಲ್ಲಿ ಹೇಳೋದು ಕಷ್ಟ. ನಮ್ಮದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತೆ. ಬೆಂಗಳೂರಿಗೆ ಸಾವಿರದ ಆಸುಪಾಸು. ನಮ್ಮಲ್ಲಿ ಆಗುಂಬೆಯಷ್ಟಿಲ್ಲ, ಆದರೆ ಮಳೆ ನೇರ ಬೀಳಲ್ಲ, ಪಡುವಣ ಗಾಳಿ ಜೊತೆ ಓರೆಯಾಗಿ ಹೊಡೆಯುತ್ತೆ. ಎರಚಲು ಅಂತಾರೆ. ನಮ್ಮ ಹೊಳೆ ಇರೋದು ಮನೆಯ ಪಡುವಣಕ್ಕೆ. ಕುರುಡು ಗೋಡೆ ಯಾಕೆ ಅಂತ ಮೂರನೇ ದಿನ ಗೊತ್ತಾಯ್ತು. ಗಾಜಿನ ಸುತ್ತಲ ಸಂದಿಯಿಂದ ನೀರು ಇಳಿದು ಗೋಡೆಯೊಳಗೆ ಹೋಯ್ತು, ಸಿಮೆಂಟಿನ ಹೊದಿಕೆ ಅದನ್ನ ಹೊರಗೆ ಬಿಡಲಿಲ್ಲ. ಮಣ್ಣಿನ ಗೋಡೆ ಉಸಿರಾಡಬೇಕು, ನೆನೆದದ್ದು ಆರಬೇಕು. ಸುಣ್ಣದ ಗಾರೆಯಾದರೆ ಅದಕ್ಕೆ ಬಿಡುತ್ತೆ, ಸಿಮೆಂಟ್ ಒಳಗೇ ಕೂಡಿಹಾಕುತ್ತೆ. ಪುಷ್ಯ ಮಳೆ ಹೊತ್ತಿಗೆ ಒಂದು ಬಾಗಿಲಿನಷ್ಟು ದೊಡ್ಡ ಪ್ಲಾಸ್ಟರ್ ಹಲಗೆ ಕಳಚಿ ನನ್ನ ಮೇಜಿನ ಮೇಲೇ ಬಿತ್ತು. ಪುಣ್ಯಕ್ಕೆ ಲಂಚ್ ಟೈಮ್.

ಇದೆಲ್ಲ ದುಡ್ಡಿನ ನಷ್ಟ. ನಾಲ್ಕು ಲಕ್ಷದ ಬಜೆಟ್ ಒಂಬತ್ತಕ್ಕೆ ಹೋಗಿತ್ತು, ಹೋಗಲಿ. ಹೇಳೋಕೆ ಕಷ್ಟವಾಗೋದು ಅದೇ ವರ್ಷ ಅಕ್ಟೋಬರ್‌ನ ಒಂದು ಬೆಳಗ್ಗೆ.

ಮಳೆ ಬಿಟ್ಟಿತ್ತು, ನಾವು ಮೂವರೂ ಒಂದು ವಾರಕ್ಕೆ ಹೋಗಿದ್ವಿ. ಹೆಂಡತಿ ಒಳಗೆ ಅಡುಗೆ ಮಾಡ್ತಿದ್ಲು. ಪುಟ್ಟಿ ಜಗಲಿಯಲ್ಲಿ ನನ್ನ ಹತ್ತಿರ ಅಡಿಕೆ ಹಾಳೆ ಮೇಲೆ ಕೂತು ಆಡ್ತಿದ್ಲು. ನನಗೆ ಕಾಲ್ ಬಂತು, ಕ್ಯಾಮೆರಾ ಆನ್ ಮಾಡಬೇಕಿತ್ತು. ಎಷ್ಟು ಹೊತ್ತು ಅಂತ ಆಮೇಲೆ ಲಾಗ್ ನೋಡಿದೆ, ಹನ್ನೊಂದು ನಿಮಿಷ. ತಿರುಗಿದರೆ ಹಾಳೆ ಇದೆ, ಅವಳಿಲ್ಲ.

ಹೊಳೆ ಕಡೆ ಓಡಿದೆ. ತೋಟದಲ್ಲಿ ಕೆಲಸಕ್ಕೆ ಬರೋ ಅಕ್ಕ ಮೆಟ್ಟಿಲು ಹತ್ತಿ ಬರ್ತಿದ್ರು, ಸೊಂಟದ ಮೇಲೆ ಪುಟ್ಟಿ. “ಹದ್ನಾಕನೇ ಮೆಟ್ಲಲ್ಲಿ ಕೂತಿತ್ತು ಕೂಸು. ಮೀನು ನೋಡ್ತಿತ್ತು” ಅಂದ್ರು. ಹದಿನೈದನೇ ಮೆಟ್ಟಿಲಿಗೆ ನೀರಿತ್ತು. ಹಿಂದಿನ ದಿನ ಚಿಬ್ಬಲಗುಡ್ಡೆ ಮತ್ಸ್ಯಧಾಮಕ್ಕೆ ಕರ್ಕೊಂಡು ಹೋಗಿ ಮಂಡಕ್ಕಿ ಹಾಕಿಸಿ, ಕಾಲಡಿ ಅಷ್ಟಷ್ಟು ದೊಡ್ಡ ಮೀನು ತೋರಿಸಿದವನು ನಾನೇ.

ಹೆಂಡತಿ ಜಗಳ ಮಾಡಲಿಲ್ಲ. ಅದೇ ಸಂಜೆ ಶಿವಮೊಗ್ಗದಿಂದ ರೈಲಿಗೆ ಟಿಕೆಟ್ ಮಾಡಿದಳು. ಹೊರಡುವಾಗ ಹೇಳಿದ್ದು ಇಷ್ಟೇ: “ಈ ಮನೆಯಲ್ಲಿ ಪುಟ್ಟಿ ಎಲ್ಲಿರ್ತಾಳೆ ಅಂತ ನಿನ್ನ ಪ್ಲಾನಲ್ಲಿ ಎಲ್ಲೂ ಬರೆದಿಲ್ಲ. ಹೊಳೆ ಎಲ್ಲಿಂದ ಕಾಣುತ್ತೆ ಅಂತ ಮಾತ್ರ ಬರೆದಿದೆ.” ಆಮೇಲೆ ಐದು ತಿಂಗಳು ಅವಳು ಬರಲಿಲ್ಲ, ಪುಟ್ಟಿಯನ್ನ ಕಳಿಸಲೂ ಇಲ್ಲ. ಮಾರಿಬಿಡೋಣ ಅನ್ನೋ ಮಾತು ಎರಡು ಸಲ ಬಂತು. ಒಂದು ಸಲ ನಾನೇ ಅಂದೆ.

ಅಪ್ಪನ ಹತ್ತಿರ ಇದನ್ನ ಹೇಳಿದಾಗ ಬೈತಾರೆ ಅಂದುಕೊಂಡಿದ್ದೆ. ಅವರು ಮನೆಗೆ ಬಂದು, ಜಗಲಿಯಲ್ಲಿ ಕೂತು, ಹಳೇ ಮನೆ ಹೇಗಿತ್ತು ಅಂತ ವಿವರವಾಗಿ ಹೇಳಿದ್ರು. ಜಗಲಿಯಿಂದ ಹೊಳೆಗೆ ಹೋಗಬೇಕಂದ್ರೆ ಮನೆ ಬಳಸಿಕೊಂಡು, ಬಚ್ಚಲು ಕೊಟ್ಟಿಗೆ ದಾಟಿ ಹೋಗಬೇಕಿತ್ತಂತೆ. ಆ ಕೊಟ್ಟಿಗೆ ಹತ್ತಿರ ಒಲೆಗೆ ಬೆಂಕಿ ಹಾಕ್ತಾ ಯಾವಾಗಲೂ ಯಾರಾದ್ರೂ ಇರ್ತಿದ್ರು. ಅದರ ಪಕ್ಕ ಮಕ್ಕಳ ಎದೆಯೆತ್ತರಕ್ಕೆ ಅಡಿಕೆ ದಬ್ಬೆಯ ಬೇಲಿ. ಕೊಟ್ಟಿಗೆ ಬಿದ್ದುಹೋಗಿ ಎಷ್ಟೋ ವರ್ಷ ಆಗಿತ್ತು. ಬೇಲಿಯ ಕೊನೇ ನಾಲ್ಕು ದಬ್ಬೆಗಳನ್ನ ‘ವ್ಯೂ’ಗೆ ಅಡ್ಡ ಅಂತ ಕೀಳಿಸಿದ್ದು ನಾನು.

2023ರ ಬೇಸಿಗೆಯಲ್ಲಿ ಎರಡನೇ ಸಲ ಕೆಲಸ ಶುರು ಮಾಡಿದ್ವಿ. ಈ ಸಲ ಪ್ಲಾನ್ ಬರೆದಿದ್ದು ಹೆಂಡತಿ. ಎಕ್ಸೆಲ್ ಶೀಟಿನ ಮೊದಲ ಕಾಲಂ ‘ಪುಟ್ಟಿ ಎಲ್ಲಿ?’, ಎರಡನೇದು ‘ನೋಡ್ತಿರೋರು ಯಾರು?’. ಗಾಜಿನ ಕಿಟಕಿ ತೆಗೆದು ಗೋಡೆ ಮುಚ್ಚಿಸಿದ್ವಿ. ಸಿಮೆಂಟ್ ಕೆತ್ತಿ ತೆಗೆದು, ಕೆಮ್ಮಣ್ಣಿನ ಗಿಲಾಯ, ಮೇಲೆ ಸುಣ್ಣ. ಮೇಸ್ತ್ರಿ ಮುಖದಲ್ಲಿ ನಗು ತಡೆದುಕೊಳ್ಳೋ ಕಷ್ಟ ಎದ್ದು ಕಾಣ್ತಿತ್ತು. ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಸೋಗೆ ತಟ್ಟಿ ಕಟ್ಟಿದ್ವಿ. ನೋಡೋಕೆ ಮನೆ ಕಂಬಳಿ ಕೊಪ್ಪೆ ಹಾಕಿಕೊಂಡ ಹಾಗಿತ್ತು. ಬಚ್ಚಲನ್ನ ಹಳೇ ಜಾಗದಲ್ಲೇ ಕಟ್ಟಿ, ಟಾಯ್ಲೆಟ್ಟಿನ ಗುಂಡಿಯನ್ನ ಹೊಳೆಯಿಂದ ದೂರ, ಮೇಲಿನ ದರೆ ಕಡೆ ತೋಡಿಸಿದ್ವಿ. ಮೆಟ್ಟಿಲಿನ ತಲೆಗೆ ದಬ್ಬೆಯ ಬೇಲಿ, ಅದಕ್ಕೊಂದು ಗೇಟು, ಗೇಟಿನ ಚಿಲಕ ಹೊಳೆ ಬದಿಗೆ, ನಾಲ್ಕೂವರೆ ಅಡಿ ಎತ್ತರದಲ್ಲಿ. ಪ್ಲಗ್ ಪಾಯಿಂಟ್‌ಗಳೂ ಅಷ್ಟೇ ಎತ್ತರದಲ್ಲಿ. 2019ರ ಆಗಸ್ಟ್ ನೆರೆಯಲ್ಲಿ ನೀರು ಹತ್ತೊಂಬತ್ತೂ ಮೆಟ್ಟಿಲು ಮುಳುಗಿಸಿ ಮನೆಯ ಕಟ್ಟೆಗೆ ಬಂದು ನಿಂತಿತ್ತು ಅಂತ ಪಕ್ಕದ ತೋಟದವರು ಹೇಳಿದ್ದರು. ಮೂರಡಿಯ ಕಟ್ಟೆ ಅಜ್ಜ ಸುಮ್ಮನೆ ಕಟ್ಟಿಸಿರಲಿಲ್ಲ.

ಹೊಳೆ ಒಂದೇ ಭಯ ಅಂದ್ಕೋಬೇಡಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ಕಡೆಗೂ ಇದೆ. ಉಣುಗುಗಳಿಂದ ಹರಡುತ್ತೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ವರೆಗೆ. ಅಂದ್ರೆ ನಾವು ಪಟ್ಟಣದವರು ‘ಸೀಸನ್’ ಅಂತ ಹೋಗೋ ತಿಂಗಳುಗಳೇ. ಕಾಡಿಗೆ ಹೋಗಬೇಕಾದವರಿಗೆ ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡ್ತಾರೆ. ಪುಟ್ಟಿಯನ್ನ ಆ ತಿಂಗಳುಗಳಲ್ಲಿ ದರೆಯ ಮೇಲಿನ ಕಾಡಿಗೆ ಬಿಡೋದೇ ಇಲ್ಲ. ಸಂಜೆ ಬಟ್ಟೆಯೆಲ್ಲ ಬಿಸಿನೀರಿಗೆ, ಅವಳ ಕಿವಿ ಹಿಂದೆ, ಕಂಕುಳು, ತಲೆ ಎಲ್ಲ ಹುಡುಕಾಟ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು ಅಂತ ಆಶಾ ಕಾರ್ಯಕರ್ತೆ ಹೇಳಿದ್ದು ಅಡುಗೆಮನೆ ಗೋಡೆ ಮೇಲೆ ಅವರ ಫೋನ್ ನಂಬರ್ ಸಮೇತ ಬರೆದಿದೆ. ಇಂಬಳದ ಬಗ್ಗೆ ಹೇಳಲ್ಲ. ಅದು ರಕ್ತ ಕುಡಿದು ಹೋಗುತ್ತೆ, ಅಷ್ಟೆ. ನನಗಿಂತ ಪುಟ್ಟಿಗೆ ಧೈರ್ಯ ಜಾಸ್ತಿ.

ಈಗ ಹೊಳೆ ಕಾಣೋದು ಎಲ್ಲಿಂದ? ಬಚ್ಚಲಿನ ಪಕ್ಕದ ಗೇಟಿನ ಹತ್ತಿರದಿಂದ ಮಾತ್ರ. ಅಲ್ಲೊಂದು ಕಲ್ಲಿನ ಬೆಂಚು ಹಾಕಿದ್ದೀವಿ. ಹೊಳೆ ನೋಡಬೇಕಾದವರು ಲ್ಯಾಪ್‌ಟಾಪ್ ಒಳಗಿಟ್ಟು ಬರಬೇಕು, ಇದು ಹೆಂಡತಿಯ ನಿಯಮ. ಹಾಗಾಗಿ ಹೊಳೆ ನೋಡ್ತಾ ಕೋಡ್ ಬರೆಯೋ ನನ್ನ ಕನಸು ಈಡೇರಲಿಲ್ಲ. ಫೈಬರ್ ಕೇಬಲ್ ಅಡಿಕೆ ಮರದಿಂದ ಮರಕ್ಕೆ ಜೋತು ಬಂದಿದೆ, ಮಳೆಗಾಲದಲ್ಲಿ ಒಂದು ಸೋಗೆ ಬಿದ್ದರೆ ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್ ಅಲ್ಲಿಗೆ ಮುಗೀತು. ಮ್ಯಾನೇಜರ್‌ಗೆ ಈಗ ಸೋಗೆ ಅಂದ್ರೆ ಏನು ಅಂತ ಗೊತ್ತು.

2024ರ ಜುಲೈನಲ್ಲಿ ಶೃಂಗೇರಿ ಕಡೆ ಜೋರು ಮಳೆ. ನಮ್ಮ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟಿಲ್ಲ, ಗಾಜನೂರು ಇರೋದು ನಮಗಿಂತ ಕೆಳಗೆ. ಅದಕ್ಕೇ ಹೊಳೆ ಏರೋದೂ ಬೇಗ, ಇಳಿಯೋದೂ ಬೇಗ. ತೀರ್ಥಹಳ್ಳಿಯಲ್ಲಿ ಹೊಳೆ ಮಧ್ಯದ ರಾಮಮಂಟಪಕ್ಕೆ ನೀರು ಎಷ್ಟು ಬಂತು ಅಂತ ಊರಿಗೆ ಊರೇ ಕೇಳಿಕೊಳ್ಳುತ್ತೆ. ನಮ್ಮ ಮನೆಯ ಲೆಕ್ಕ ಬೇರೆ. ದಿನಾ ಬೆಳಗ್ಗೆ ನಾವು ಮೂವರೂ ಗೇಟಿನೊಳಗೆ ನಿಂತು ಕಾಣುವ ಮೆಟ್ಟಿಲು ಎಣಿಸ್ತೀವಿ. ನಾಲ್ಕು ವರ್ಷದ ಪುಟ್ಟಿ ಎಣಿಕೆ ಕಲಿತದ್ದೇ ಹಾಗೆ. ಒಂದು ಸೋಮವಾರ ಹನ್ನೊಂದು, ಮಂಗಳವಾರ ಏಳು, ಬುಧವಾರ ನಾಲ್ಕು. ನಾಲ್ಕಾದರೆ ಸಾಮಾನು ಕಟ್ಟಿ ದೊಡ್ಡಪ್ಪನ ಮನೆಗೆ ಹೋಗೋದು ಅಂತ ಮೊದಲೇ ಮಾತಾಗಿತ್ತು. ಹೋದ್ವಿ. ಎರಡು ದಿನ ಬಿಟ್ಟು ಬಂದಾಗ ಹೊಳೆ ಮೂರನೇ ಮೆಟ್ಟಿಲವರೆಗೆ ಕೆಸರು ಬಿಟ್ಟು ಇಳಿದಿತ್ತು. ಗೋಡೆ ಒಳಗಡೆ ಕೈಯಿಟ್ಟು ನೋಡಿದೆ, ಒಣಗಿತ್ತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದ್ದಕ್ಕೆ, “ಅದ್ರಲ್ಲೆಂತ?” ಅಂದ್ರು.

ಎಲ್ಲ ಮುಗಿದಿದೆ ಅಂತಲ್ಲ. ಬಚ್ಚಲಿನ ಬಾಗಿಲು ಮಳೆಗಾಲದಲ್ಲಿ ಹಿಗ್ಗಿ ಇನ್ನೂ ಪೂರ್ತಿ ಮುಚ್ಚಲ್ಲ. ಸ್ನಾನಕ್ಕೆ ಹೋದವರು ಒಳಗಿದ್ದೀನಿ ಅಂತ ಗೊತ್ತಾಗೋಕೆ ಜೋರಾಗಿ ಹಾಡಬೇಕು. ಅಪ್ಪ ಬಂದಾಗ ಹಾಡೋಕೆ ನಾಚಿಕೆ ಅಂತ ಮಗ್ಗಿ ಹೇಳ್ತಾರೆ. ಪುಟ್ಟಿ ಹೊರಗೆ ನಿಂತು ತಪ್ಪು ಹಿಡೀತಾಳೆ.